ಸಮಾಧಿ ಅಂದುಕೊಂಡದ್ದು

ನನಗಿರುವುದು ಫಿಟ್ಸ್. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮನೆಯಲ್ಲಿ ಇದಕ್ಕೆ ಬೇರೆ ಹೆಸರಿತ್ತು. ಆ ಹೆಸರು ಇಟ್ಟವಳು ನಾನೇ. ಈಗ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗಿಕೊಂಡು ನನ್ನ ಕೆಲಸ ನಾನು ಮಾಡಿಕೊಂಡಿದ್ದೇನೆ. ನಮ್ಮ ಸುತ್ತಮುತ್ತಲ ಊರುಗಳಲ್ಲಿ ಈ ಕಾಯಿಲೆ ಇರುವವರು ಎಷ್ಟೋ ಮಂದಿ. ಕೇಳಿದರೆ ಮಾತ್ರ ಯಾರ ಮನೆಯಲ್ಲೂ ಇಲ್ಲ. ಅಂಥ ಒಂದು ಮನೆಯವರಾದರೂ ಓದಲಿ ಎಂದು ಬರೆಯಲು ಕೂತಿದ್ದೇನೆ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಗೆ ಸೇರಿದ್ದು. ನಮ್ಮ ಯಜಮಾನರು ಮುನಿರಾಜು ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಮಗಳು ಚೈತ್ರ ಬಿ.ಕಾಂ. ಮುಗಿಸಿ ಅಲ್ಲೇ ಇನ್ನೊಂದು ಕಂಪನಿಯ ಆಫೀಸಿನಲ್ಲಿದ್ದಾಳೆ. ಮನೆಯಲ್ಲಿ ಅತ್ತೆ ಇದ್ದಾರೆ, ಎರಡು ಸೀಮೆಹಸು ಇವೆ. ನಾನು ಊರಿನ ಮಹಿಳಾ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವವಳು. ಬೆಳಿಗ್ಗೆ, ಸಾಯಂಕಾಲ ಜನ ಸಾಲಾಗಿ ಬಂದು ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲಿನಿಂದ ಸ್ಯಾಂಪಲ್ ತೆಗೆದು ಮೆಷಿನ್ನಿಗೆ ಇಟ್ಟು, ಫ್ಯಾಟ್ ಎಷ್ಟಿದೆ ಎಂದು ಕೂಗಿ ಹೇಳುವುದು ನನ್ನ ಕೆಲಸ.

ಆತ್ಮವಿಚಾರ ಎನ್ನುವ ಮಾತು ನನ್ನ ಬದುಕಿಗೆ ಬಂದಿದ್ದು ಅಪ್ಪ ತೀರಿಕೊಂಡ ವರ್ಷ. ಹೊಸಕೋಟೆ ಕಡೆಯ ನನ್ನ ತವರಿನಲ್ಲಿ ಅಪ್ಪನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಬೆಳಿಗ್ಗೆ ಬಂದವರು "ಅಣ್ಣನ ಮುಖ ನೋಡ್ಬೇಕು" ಅನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದೇ ಜನ "ಹೆಣ ಎಷ್ಟೊತ್ತಿಗೆ ಎತ್ತೋದು?" ಎಂದು ಕೇಳತೊಡಗಿದರು. ಅವರದೇನೂ ತಪ್ಪಿಲ್ಲ, ಬಿಸಿಲು ಜೋರಾಗಿತ್ತು. ಆದರೆ ಬೆಳಿಗ್ಗೆ ಅಣ್ಣ ಆಗಿದ್ದದ್ದು ಮಧ್ಯಾಹ್ನ ಹೆಣ ಹೇಗಾಯಿತು, ನಡುವೆ ಎದ್ದು ಹೋದವರು ಯಾರು ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಿಥಿ ಮುಗಿಸಿ ಊರಿಗೆ ಬಂದರೂ ಹೋಗಲಿಲ್ಲ.

ಚೈತ್ರಳಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದ ಸುಮಿತ್ರಾ ಮೇಡಂ ರಿಟೈರ್ ಆಗಿ ದೊಡ್ಡಬಳ್ಳಾಪುರದಲ್ಲಿದ್ದರು. ಭಾನುವಾರ ಬೆಳಿಗ್ಗೆ ಅವರ ಮನೆಯ ಮಹಡಿಯಲ್ಲಿ ಐದಾರು ಜನ ಸೇರಿ ಸುಮ್ಮನೆ ಕೂರುತ್ತಾರೆ ಎಂದು ಅವಳೇ ಹೇಳಿದಳು. ನಾನು ಸ್ಕೂಟಿ ಹತ್ತಿ ಹೋದೆ. ಭಜನೆಯಿಲ್ಲ, ಮಂಗಳಾರತಿಯಿಲ್ಲ, ಫೋಟೋ ಕೂಡ ಇರಲಿಲ್ಲ. ಮೇಡಂ ಹೇಳಿದ್ದು ಇಷ್ಟೇ: "ಕಣ್ಣು ಮುಚ್ಚಿ ಕೂತ್ಕೊ. ಏನೋ ಒಂದು ಯೋಚನೆ ಬರುತ್ತೆ. ಓಡಿಸ್ಬೇಡ. ಇದು ಬಂದಿದ್ದು ಯಾರಿಗೆ ಅಂತ ಕೇಳ್ಕೊ. ನನಗೆ ಅನ್ಸುತ್ತೆ. ಆ ನಾನು ಯಾರು ಅಂತ ಹುಡುಕು. ಉತ್ತರ ಹೇಳೋಕೆ ಹೋಗ್ಬೇಡ."

ಮೊದಮೊದಲು ನನಗೆ ಬಂದಿದ್ದೆಲ್ಲ ಹಸುವಿನ ಹಿಂಡಿ, ಚೈತ್ರಳ ಮದುವೆ, ಯಾರ ಹಾಲಿಗೆ ನೀರು ಬಿದ್ದಿದೆ ಎನ್ನುವ ಯೋಚನೆ. ಇದು ಯಾರಿಗೆ? ನನಗೆ. ಯಾವ ನನಗೆ? ಅಲ್ಲಿಗೆ ಒಂದು ಕ್ಷಣ ಖಾಲಿಯಾಗುತ್ತಿತ್ತು, ಮತ್ತೆ ಹಿಂಡಿ ಬರುತ್ತಿತ್ತು. ಆದರೂ ಬಿಡಲಿಲ್ಲ. ಮನೆಯಲ್ಲೂ ಡೇರಿಗೆ ಹೊರಡುವ ಮುಂಚೆ ದೇವರ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂರುವುದು ಅಭ್ಯಾಸವಾಯಿತು.

ಹಾಗೆ ಕೂತಿದ್ದಾಗಲೇ ಒಂದು ಬೆಳಿಗ್ಗೆ ಅದು ಬಂತು. ಹೊಟ್ಟೆಯ ಒಳಗಿಂದ ಬೆಚ್ಚನೆಯದೊಂದು ಎದ್ದು ಎದೆಗೆ, ಗಂಟಲಿಗೆ ಏರಿತು. ಹಾಲು ಸೀದಂಥ ವಾಸನೆ. ಗೋಡೆ, ದೀಪ, ಹೊರಗೆ ಹಸು ಮೈಯೊದರುವ ಸದ್ದು, ಎಲ್ಲವೂ ನನಗೆ ಮೊದಲೇ ಗೊತ್ತಿತ್ತು, ಹೀಗೆಯೇ ಆಗಬೇಕಿತ್ತು ಅನ್ನಿಸಿತು. ಯಾವುದಕ್ಕೂ ಕೊರತೆಯಿಲ್ಲ ಅನ್ನುವಂಥ ನೆಮ್ಮದಿ. ಆಮೇಲೆ ನಾನು ಇರಲಿಲ್ಲ. ಮತ್ತೆ ಕಣ್ಣಿಗೆ ಏನಾದರೂ ಕಂಡಾಗ ದೀಪದ ಎಣ್ಣೆ ಮುಗಿಯುತ್ತಾ ಬಂದಿತ್ತು. ಬಾಗಿಲಲ್ಲಿ ನಿಂತ ಯಜಮಾನರ ಹೆಸರು ನೆನಪಿಗೆ ಬರಲಿಲ್ಲ. ಸ್ವಲ್ಪ ಹೊತ್ತು ಯಾವ ವಸ್ತುವಿಗೂ ಹೆಸರೇ ಇರಲಿಲ್ಲ. ನಾಮರೂಪ ಕಳಚಿಹೋಗುತ್ತದೆ ಎಂದು ಮೇಡಂ ಓದಿ ಹೇಳಿದ್ದು ನೆನಪಾಗಿ ನನಗೆ ಅಳು ಬಂತು. ಸಂತೋಷದ ಅಳು.

ಸಮಾಧಿ ಅಂದರೆ ಇದೇ ಇರಬೇಕು ಎಂದು ಮುಂದಿನ ಭಾನುವಾರ ಮೇಡಂಗೆ ಹೇಳಿದೆ. ಅವರು ನನ್ನೆರಡೂ ಕೈ ಹಿಡಿದುಕೊಂಡರು. "ಎಷ್ಟೋ ವರ್ಷದಿಂದ ಕೂತಿದ್ದೀನಿ ಗಿರಿಜಾ, ನನಗೆ ಆಗ್ಲಿಲ್ಲ" ಅಂದರು. ಅಲ್ಲಿದ್ದ ಉಳಿದವರೂ ಕೇಳಿಸಿಕೊಂಡರು.

ಅದು ಮತ್ತೆ ಮತ್ತೆ ಬಂತು. ಕೂತಾಗ ಬಂತು, ಹಸುವಿಗೆ ಹುಲ್ಲು ಹಾಕುವಾಗ ಬಂತು, ಒಮ್ಮೆ ಅತ್ತೆಯ ಎದುರಿಗೆ ರಾಗಿ ಕೇರುತ್ತಿದ್ದಾಗ ಬಂತು. ಅತ್ತೆ ಮಾತಿನಲ್ಲಿ ಖಾರದವರು. ಮದುವೆಯಾಗಿ ಬಂದಾಗಿನಿಂದ ಅವರಿಂದ ಒಂದು ಒಳ್ಳೆಯ ಮಾತು ಕೇಳಿದ ನೆನಪು ನನಗಿಲ್ಲ. ಅವತ್ತು ನನಗೆ ಎಚ್ಚರವಾದಾಗ ಅವರು ಕೈಮುಗಿದುಕೊಂಡು ನಿಂತಿದ್ದರು. "ಕಣ್ಣು ಎಲ್ಲೋ ನೋಡ್ತಿತ್ತು ಕಣೋ ಮುನಿರಾಜ. ಕರೆದ್ರೆ ಇವಳಲ್ಲ ಒಳಗಿರೋದು. ಮನೆದೇವ್ರೇ ಬಂದಿರೋದು" ಎಂದು ಮಗನಿಗೆ ಹೇಳಿದರು. ಅವತ್ತಿನಿಂದ ನನಗೆ ಕೂರಲು ಮಣೆ ಹಾಕುತ್ತಿದ್ದರು. ಕಾಫಿ ನನ್ನ ಕೈಗೇ ಬರುತ್ತಿತ್ತು. ಅಕ್ಕಪಕ್ಕದ ಹೆಂಗಸರು ಬಂದು ಮಗುವಿಗೆ ಯಾಕೆ ನಿದ್ದೆಯಿಲ್ಲ, ಗಂಡನ ಕುಡಿತ ಯಾವಾಗ ಬಿಡುತ್ತದೆ ಎಂದು ಕೇಳತೊಡಗಿದರು. ನನಗೆ ಗೊತ್ತಿಲ್ಲ ಅಂದರೂ ನಮಸ್ಕಾರ ಮಾಡಿ ಹೋಗುತ್ತಿದ್ದರು. ನನಗೆ ಇದೆಲ್ಲ ಮುಜುಗರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಿತವಾಗಿತ್ತು.

ಹಿತವಾಗಿರದಿದ್ದದ್ದು ಯಜಮಾನರಿಗೆ ಮಾತ್ರ. ಅವರು ಜಾಸ್ತಿ ಮಾತಿನವರಲ್ಲ. ಒಂದು ಸಂಜೆ ಕೇಳಿಯೇಬಿಟ್ಟರು.

"ಗಿರಿಜಾ, ಆ ಟೈಮಲ್ಲಿ ನೀನು ಬಾಯಿ ಚಪ್ಪರಿಸ್ತೀಯ. ಗೊತ್ತಾ?"

"ಏನು?"

"ಎಲೆಅಡಿಕೆ ಹಾಕ್ಕೊಂಡೋರ ಥರ. ಬಲಗೈಲಿ ಸೆರಗು ಹಿಸುಕ್ತಾ ಇರ್ತೀಯ. ಸಮಾಧಿ ಅಂದ್ರೆ ಸುಮ್ನಿರ್ಬೇಕಲ್ವಾ?"

ನನಗೆ ಸಿಟ್ಟು ಬಂತು. ಇವರಿಗೇನು ಗೊತ್ತು ಅಂದುಕೊಂಡೆ. "ಡಾಕ್ಟ್ರಿಗೆ ಒಂದ್ಸಲ ತೋರ್ಸೋಣ" ಎಂದರು. ಅತ್ತೆ ಒಳಗಿಂದಲೇ "ದೇವ್ರಿಗೆ ಡಾಕ್ಟ್ರಾ?" ಎಂದರು. ಮಾತು ಅಲ್ಲಿಗೆ ನಿಂತಿತು.

ಆಮೇಲೆ ಒಮ್ಮೆ ಅದು ಬಂದಾಗ ಚೈತ್ರ ವಿಡಿಯೋ ಮಾಡಿಟ್ಟುಕೊಂಡಿದ್ದಳು. ಭಾನುವಾರ ಮಧ್ಯಾಹ್ನ, ಊಟ ಮುಗಿದಿತ್ತು. ನನ್ನ ಪಕ್ಕ ಕೂತು ಮೊಬೈಲ್ ಮುಂದೆ ಹಿಡಿದಳು. "ಅಮ್ಮಾ, ಬೈಬೇಡ. ನೋಡು."

ಅದರಲ್ಲಿ ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದೆ. ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಬಾಯಿ ಚಪ್ಪರಿಸುತ್ತಿತ್ತು. ಬಲಗೈ ಸೆರಗಿನ ತುದಿಯನ್ನು ಹಿಸುಕಿ ಬಿಡುತ್ತಿತ್ತು, ಮತ್ತೆ ಹಿಸುಕುತ್ತಿತ್ತು. ತುಟಿಯ ಮೂಲೆಯಲ್ಲಿ ಜೊಲ್ಲು. ವಿಡಿಯೋದೊಳಗಿನ ಚೈತ್ರ "ಅಮ್ಮಾ, ಅಮ್ಮಾ" ಎಂದು ಕರೆಯುತ್ತಿದ್ದಳು, ಮೊದಲು ಮೆಲ್ಲಗೆ, ಆಮೇಲೆ ಹೆದರಿದ ದನಿಯಲ್ಲಿ. ಅಲ್ಲಿ ನಿಂತಿದ್ದ ಹೆಂಗಸು ತಿರುಗಲಿಲ್ಲ.

ಅವತ್ತಿನದು ನನಗೆ ಚೆನ್ನಾಗಿ ನೆನಪಿತ್ತು. ಎಲ್ಲವೂ ತುಂಬಿಕೊಂಡ, ಏನೂ ಬೇಡದ ಆ ನೆಮ್ಮದಿ. ಅದೇ ಹೊತ್ತಿಗೆ ಹೊರಗಿನಿಂದ ನಾನು ಕಾಣಿಸುತ್ತಿದ್ದದ್ದು ಹೀಗೆ. ಮಗಳು ಅಷ್ಟು ಸಲ ಕರೆದದ್ದು ನನಗೆ ಕೇಳಿಸಿಯೇ ಇರಲಿಲ್ಲ. ವಿಡಿಯೋವನ್ನು ಮತ್ತೆ ಹಾಕಿಸಿ ನೋಡಿದೆ. ನಾನು ಯಾರು ಎಂದು ಅಷ್ಟು ದಿನ ಕಣ್ಣು ಮುಚ್ಚಿ ಹುಡುಕಿದವಳು ಈಗ ಕಣ್ಣು ಬಿಟ್ಟುಕೊಂಡು ಆ ಮುಖದಲ್ಲಿ ನನ್ನನ್ನು ಹುಡುಕಿದೆ. ಸಿಗಲಿಲ್ಲ.

"ಡಿಲೀಟ್ ಮಾಡು" ಅಂದೆ.

"ಮಾಡಲ್ಲ" ಅಂದಳು ಚೈತ್ರ. "ಡಾಕ್ಟ್ರಿಗೆ ತೋರಿಸ್ಬೇಕು."

ಆದರೂ ನಾನು ಒಪ್ಪಲಿಲ್ಲ. ಇನ್ನೊಂದು ಸ್ವಲ್ಪ ದಿನ ನೋಡೋಣ ಅಂದೆ. ಡಾಕ್ಟರು ಏನು ಹೇಳಿಯಾರು ಎನ್ನುವುದಕ್ಕಿಂತ, ಅದನ್ನು ನಿಲ್ಲಿಸಿಬಿಟ್ಟರೆ ಎನ್ನುವ ಭಯ ನನಗೆ ದೊಡ್ಡದಾಗಿತ್ತು.

ನಿರ್ಧಾರ ನನ್ನ ಕೈಯಲ್ಲಿ ಉಳಿಯಲಿಲ್ಲ. ಒಂದು ಬೆಳಿಗ್ಗೆ ಡೇರಿಯಲ್ಲಿ ಸ್ಯಾಂಪಲ್ ತೆಗೆಯುತ್ತಿದ್ದಾಗ ಸೀದ ವಾಸನೆ ಬಂತು. ಹೊಟ್ಟೆಯಿಂದ ಬಿಸಿ ಏರಿತು. ಆಮೇಲೆ ನೆಮ್ಮದಿ ಬರಲಿಲ್ಲ, ಏನೂ ಬರಲಿಲ್ಲ. ಕಣ್ಣು ಬಿಟ್ಟಾಗ ಸಿಮೆಂಟ್ ನೆಲದ ಮೇಲೆ ಬಿದ್ದಿದ್ದೆ. ಕೈಯಲ್ಲಿ ಯಾರೋ ಕಬ್ಬಿಣದ ಬೀಗದಕೈ ಗೊಂಚಲು ಹಿಡಿಸಿದ್ದರು. ಮೂಗಿನ ಹತ್ತಿರ ಜಜ್ಜಿದ ಈರುಳ್ಳಿ. ನಾಲಿಗೆ ಕಚ್ಚಿಹೋಗಿ ಬಾಯೆಲ್ಲ ರಕ್ತ. ಸೀರೆ ಒದ್ದೆಯಾಗಿತ್ತು. ಸುತ್ತ ನಿಂತಿದ್ದವರ ಮುಖದಲ್ಲಿ ಭಕ್ತಿ ಇರಲಿಲ್ಲ. ಒಬ್ಬಾಕೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಿದ್ದಳು.

ಡೇರಿಯ ಸೆಕ್ರೆಟರಿ ರತ್ನಮ್ಮ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸೀರೆ ಒದ್ದೆಯಾದದ್ದು ಯಾಕೆಂದು ನನಗೆ ತಿಳಿಯುತ್ತಾ ಬಂದು ಸತ್ತುಹೋಗಬೇಕು ಅನ್ನಿಸಿತು. ಆಗ ರತ್ನಮ್ಮ ಎಲ್ಲರಿಗೂ ಕೇಳಿಸುವ ಹಾಗೆ, "ಗಾಬ್ರಿಲಿ ನಾನೇ ಒಂದು ಬಕೆಟ್ ನೀರು ಸುರಿದ್ಬಿಟ್ಟೆ ಕಣೇ, ಸೀರೆಯೆಲ್ಲ ನೆನೆದೋಯ್ತು" ಅಂದರು. ನಿಜವಾಗಿಯೂ ಸುರಿದಿದ್ದರು. ಜನ ಗಮನಿಸುವ ಮೊದಲೇ ಸುರಿದಿದ್ದರು ಎಂದು ಎಷ್ಟೋ ದಿನ ಆದ ಮೇಲೆ ತಿಳಿಯಿತು. ಈ ಕಾಯಿಲೆಯಲ್ಲಿ ನನಗೆ ಸಿಕ್ಕ ಉಪಕಾರಗಳಲ್ಲಿ ಆ ಬಕೆಟ್ ನೀರನ್ನು ಮೊದಲು ಹೇಳುತ್ತೇನೆ.

ದೊಡ್ಡಬಳ್ಳಾಪುರದ ಡಾಕ್ಟರು ವಿಡಿಯೋ ನೋಡಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು.

ಅಲ್ಲಿನ ಕಾಯುವ ಹಾಲ್ ನಮ್ಮೂರಿನ ಕಲ್ಯಾಣಮಂಟಪದಷ್ಟು ದೊಡ್ಡದು. ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ತಲೆಗೆ ಬ್ಯಾಂಡೇಜ್ ಸುತ್ತಿದವರು, ಕೈ ನಡುಗುವ ಮುದುಕರು, ತಾಯಿಯ ತೊಡೆಯ ಮೇಲೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಕೂತ ಪುಟ್ಟ ಹುಡುಗಿ. ನನ್ನ ಪಕ್ಕದ ಕುರ್ಚಿಯಲ್ಲಿ ಬುರ್ಖಾ ಹಾಕಿದ್ದ ಹೆಂಗಸೊಬ್ಬಳು ಚೀಲದಿಂದ ಬ್ಲೌಸ್ ತೆಗೆದು ಹುಕ್ ಹೊಲಿಯುತ್ತಿದ್ದಳು. ಹೆಸರು ಶಾಹಿನಾ, ಹೊಸಕೋಟೆ ಪೇಟೆಯವಳು. ನನ್ನ ಮುಖ ನೋಡಿಯೇ ಕೇಳಿದಳು.

"ಫಸ್ಟ್ ಟೈಮಾ ಅಕ್ಕ?"

ಹೂಂ ಅಂದೆ.

"ನಂಗೆ ಸಣ್ಣೋಳಿದ್ದಾಗ್ಲಿಂದ ಐತೆ. ಇಬ್ರು ಮಕ್ಳು ಆದ್ವು, ಟೈಲರಿಂಗ್ ಶಾಪ್ ಐತೆ. ಮಾತ್ರೆ ಮಾತ್ರ ಬಿಡ್ಬಾರ್ದು, ಅಷ್ಟೇ."

"ನಿಮ್ಮ ಮನೇಲಿ ಏನಂದ್ರು?"

"ಮೊದ್ಲು ದರ್ಗಾಕ್ಕೆ ಕರ್ಕೊಂಡು ಹೋದ್ರು. ಜಿನ್ ಹಿಡ್ದೈತೆ ಅಂದ್ರು." ಸೂಜಿಯ ದಾರ ಕಚ್ಚಿ ಕತ್ತರಿಸಿ ನಕ್ಕಳು. "ನಿಮಗೆ ಯಾರು ಹಿಡಿದವ್ರೆ ಅಂದ್ರು?"

"ದೇವರು" ಅಂದೆ.

"ನಿಮ್ದೇ ವಾಸಿ ಬಿಡಿ" ಅಂದಳು. ಎಷ್ಟೋ ದಿನಗಳ ಮೇಲೆ ನನಗೂ ನಗು ಬಂತು. ಪಕ್ಕದಲ್ಲಿದ್ದ ಯಜಮಾನರು ಏನಾಯಿತೋ ಎಂದು ತಿರುಗಿ ನೋಡಿದರು.

ತಲೆಗೆ ಜೆಲ್ ಹಚ್ಚಿ ವೈರುಗಳನ್ನು ಅಂಟಿಸಿ ಒಂದು ಪರೀಕ್ಷೆ ಮಾಡಿದರು. ಆಮೇಲೆ ಸ್ಕ್ಯಾನ್. ಕಿರಿದಾದ ಕೊಳವೆಯೊಳಗೆ ಮಲಗಿಸಿ, ಅಲ್ಲಾಡಬೇಡಿ ಎಂದು ಹೇಳಿ ಹೋದರು. ಕಲ್ಲು ಒಡೆಯುವಂಥ ಸದ್ದು ಶುರುವಾಯಿತು. ಎದ್ದು ಓಡಬೇಕು ಅನ್ನಿಸಿತು. ಬೇರೆ ಏನೂ ತೋಚದೆ ಅಭ್ಯಾಸದ ಬಲದಿಂದ ಕೇಳಿಕೊಂಡೆ: ಈ ಭಯ ಯಾರಿಗೆ? ನನಗೆ. ಆ ನಾನು ಎಲ್ಲಿದ್ದೇನೆ? ಬೆಳಕೇನೂ ಬರಲಿಲ್ಲ, ಭಯವೂ ಹೋಗಲಿಲ್ಲ. ಭಯ ಪಕ್ಕದಲ್ಲಿ ಮಲಗಿದ ಹಾಗೆ ಇತ್ತು, ಅಷ್ಟೆ. ಅಲ್ಲಾಡದೆ ಮಲಗಲು ಅಷ್ಟು ಸಾಕಾಯಿತು.

ರಿಪೋರ್ಟ್ ನೋಡುವ ಡಾಕ್ಟರು ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹೆಂಗಸು. ವಿಡಿಯೋ ನೋಡಿದರು. ನಾನು ಬಾಯಿ ಬಿಡುವ ಮೊದಲೇ ಕೇಳತೊಡಗಿದರು.

"ಹೊಟ್ಟೆಯಿಂದ ಏನೋ ಮೇಲಕ್ಕೆ ಬಂದ ಹಾಗೆ ಆಗುತ್ತಾ?"

"ಹೌದು."

"ಯಾವುದಾದ್ರೂ ವಾಸನೆ?"

"ಹಾಲು ಸೀದ ಹಾಗೆ."

"ಇದೆಲ್ಲ ಮೊದಲೇ ಆಗಿದೆ, ನನಗೆ ಗೊತ್ತು ಅನ್ಸುತ್ತಾ?"

"ಹೌದು."

"ಖುಷಿ ಆಗುತ್ತಾ? ಕೆಲವರಿಗೆ ಭಯ ಆಗುತ್ತೆ, ಅಪರೂಪಕ್ಕೆ ಒಬ್ಬೊಬ್ಬರಿಗೆ ತುಂಬಾ ನೆಮ್ಮದಿ ಅನ್ಸುತ್ತೆ."

ಸುಮಿತ್ರಾ ಮೇಡಂ ಮನೆ ಬಿಟ್ಟು ಬೇರೆಲ್ಲೂ ಪೂರ್ತಿ ಹೇಳದಿದ್ದ ವಿಷಯ. ನನಗೊಬ್ಬಳಿಗೇ ತೆರೆದ ಬಾಗಿಲು ಎಂದುಕೊಂಡಿದ್ದೆ. ಈಕೆ ಪೆನ್ನು ಹಿಡಿದುಕೊಂಡು ಒಂದೊಂದಾಗಿ ಕೇಳುತ್ತಿದ್ದರು, ನೆಗಡಿ ಇದೆಯಾ, ಕೆಮ್ಮು ಇದೆಯಾ ಎನ್ನುವ ಹಾಗೆ. ಕಣ್ಣಲ್ಲಿ ನೀರು ತುಂಬಿತು. ಯಜಮಾನರು ಕಾಯಿಲೆಗೆ ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ಸವರಿದರು.

ಮಿದುಳಿನ ಒಂದು ಪಕ್ಕದಲ್ಲಿ ಹಳೆಯ ಗಾಯದ ಕಲೆಯಂಥದ್ದು ಇದೆ, ಅಲ್ಲಿಂದಲೇ ಇದು ಶುರುವಾಗುತ್ತದೆ ಎಂದರು ಡಾಕ್ಟರು. ಗಡ್ಡೆಯಲ್ಲ, ಹೆದರಬೇಡಿ. ಸ್ಕೂಟಿ ಓಡಿಸಬಾರದು. ಒಲೆಯ ಮುಂದೆ, ಬಾವಿಯ ಹತ್ತಿರ ಒಬ್ಬರೇ ಇರಬಾರದು. ನಿದ್ದೆಗೆಡಬಾರದು. ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು.

ಏಳುವ ಮೊದಲು ಕೇಳಿದೆ. "ಡಾಕ್ಟ್ರೇ, ಆ ಹೊತ್ತಲ್ಲಿ ನಾನು ಎಲ್ಲಿರ್ತೀನಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ನನ್ನ ಸಬ್ಜೆಕ್ಟ್ ಅಲ್ಲ ಗಿರಿಜಮ್ಮ. ನೀವು ಪ್ರತಿ ಸಲ ವಾಪಸ್ ಬರೋ ಹಾಗೆ ನೋಡ್ಕೊಳೋದು ನನ್ನ ಕೆಲಸ" ಅಂದರು.

ಚಿಕ್ಕಂದಿನಲ್ಲಿ ಜ್ವರ ಬಂದು ಕೈಕಾಲು ಸೆಟೆದಿತ್ತೇ ಎಂದು ತಾಯಿಯನ್ನು ಕೇಳಿ ಬನ್ನಿ ಎಂದಿದ್ದರು. ಬಸ್ಸಿನಲ್ಲೇ ಅಮ್ಮನಿಗೆ ಫೋನ್ ಮಾಡಿದೆ.

"ಹೂಂ, ಆಗಿತ್ತು. ನಿಂಗಿನ್ನೂ ಮಾತು ಬರ್ತಿರ್ಲಿಲ್ಲ. ತುಂಬಾ ಹೊತ್ತು ಬಿಡ್ಲೇ ಇಲ್ಲ" ಅಂದಳು ಅಮ್ಮ.

"ಮತ್ತೆ ಯಾಕಮ್ಮ ಒಂದು ದಿನಾನೂ ಹೇಳ್ಲಿಲ್ಲ?"

"ನಿನ್ ಮದುವೆ ಆಗ್ಬೇಕಿತ್ತಲ್ಲಮ್ಮ."

ನಾನು ಫೋನ್ ಇಟ್ಟೆ. ಅದೇ ತಿಂಗಳು ದೇವನಹಳ್ಳಿ ಕಡೆಯವರೊಬ್ಬರು ಚೈತ್ರಳನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು.

ಮನೆಗೆ ಬಂದು ಹೇಳಿದಾಗ ಅತ್ತೆ ಮೊದಲು ಎತ್ತಿದ್ದು ಆ ಸಂಬಂಧದ ಮಾತನ್ನೇ. "ಇದನ್ನ ಆಚೆ ಬಿಡ್ಬೇಡಿ. ದೇವ್ರು ಬರ್ತದೆ ಅಂದ್ರೆ ಗಂಡಿನ ಕಡೆಯೋರು ಕೈಮುಗೀತಾರೆ. ಫಿಟ್ಸು ಅಂದ್ರೆ ಸಂಬಂಧ ನಿಲ್ಲುತ್ತಾ?" ಯಜಮಾನರೂ ಹೌದೆನ್ನುವಂತೆ ತಲೆ ತಗ್ಗಿಸಿ ಕೂತರು. ಡೇರಿಯಲ್ಲಿ ಬಿದ್ದದ್ದನ್ನೂ ಖಾಲಿ ಹೊಟ್ಟೆಗೆ ತಲೆ ಸುತ್ತಿತು ಎಂದು ಮುಚ್ಚಬಹುದಿತ್ತು. ಮಾತ್ರೆಯ ವಿಷಯ ಮನೆಯಲ್ಲೇ ಇರಬಹುದಿತ್ತು.

ಚೈತ್ರ ಆಫೀಸಿನಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ಎಲ್ಲ ಕೇಳಿಸಿಕೊಂಡಳು. "ಅಜ್ಜಿ, ಮದುವೆ ಆದ್ಮೇಲೆ ಅಮ್ಮ ನನ್ನ ಮನೆಗೆ ಬಂದಾಗ ಹಿಂಗಾದ್ರೆ ಏನಂತ ಹೇಳ್ಲಿ? ಅಮ್ಮ ಬರ್ಲೇಬೇಡ ಅನ್ಲಾ? ನಾಳೆನೇ ಹೇಳ್ಬಿಡಿ" ಅಂದಳು.

ನಾನೇ ಹೇಳುತ್ತೇನೆ ಅಂದೆ. ಗಂಡಿನ ತಂದೆತಾಯಿ ಬಂದು ಕೂತಾಗ ಕಾಫಿ ಕೊಟ್ಟು ಎದುರಿಗೆ ಕೂತು ಹೇಳಿದೆ. ಹುಡುಗನ ತಾಯಿ ಒಳ್ಳೆಯ ಹೆಂಗಸು. ನನ್ನ ಕೈ ಮುಟ್ಟಿ "ಈಗ ಹೆಂಗಿದೀರ?" ಎಂದು ಕೇಳಿದರು. ಆಮೇಲೆ ಮೆಲ್ಲಗೆ, "ಹುಡುಗಿಗೂ ಬರುತ್ತಾ?" ಅಂದರು. ನನ್ನದು ಎಳೆಯ ವಯಸ್ಸಿನ ಜ್ವರದಿಂದ ಉಳಿದ ಕಲೆ, ಮಗಳಿಗೆ ಅದು ಬರುವಂಥದ್ದಲ್ಲ ಎಂದು ಡಾಕ್ಟರು ಆಮೇಲೆ ಫೋನಿನಲ್ಲಿ ಹೇಳಿದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು. ಕಾಫಿ ಪೂರ್ತಿ ಕುಡಿದು ಹೋದರು. ವಾರ ಕಳೆದ ಮೇಲೆ ಫೋನ್ ಬಂತು. ಜಾತಕ ಇನ್ನೊಂದು ಸಲ ತೋರಿಸಿದೆವು, ಯಾಕೋ ಕೂಡಿಬರುತ್ತಿಲ್ಲ.

ಚೈತ್ರ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅತ್ತಳು. ಹುಡುಗ ಅವಳಿಗೆ ಇಷ್ಟವಾಗಿದ್ದ ಎಂದು ನನಗೆ ಆಗ ಗೊತ್ತಾಯಿತು. ಬಾಗಿಲ ಹೊರಗೆ ನಾನು ಕೂತಿದ್ದೆ. ಆಚೆ ಬಂದವಳು ಮುಖ ತೊಳೆದುಕೊಂಡು, "ಅಮ್ಮ, ನಿನ್ನ ಮಾತ್ರೆ ಟೈಮ್ ಆಯ್ತಲ್ಲ" ಅಂದಳು. ಅತ್ತೆ ಮಾತ್ರ ನನ್ನ ಜೊತೆ ಮಾತು ಬಿಟ್ಟರು. ಮಣೆ ಹಾಕುವುದನ್ನೂ ನಿಲ್ಲಿಸಿದರು.

ಸುಮಿತ್ರಾ ಮೇಡಂ ಮನೆಗೆ ಬಸ್ಸಿನಲ್ಲಿ ಹೋದೆ. ಎಲ್ಲ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಮಾತ್ರೆ ತಗೊಂಡ್ರೆ ಅದು ಮತ್ತೆ ಬರಲ್ಲ ಮೇಡಂ. ತಗೊಳ್ಳೋಕೆ ಮನಸ್ಸು ಬರ್ತಿಲ್ಲ."

ಅವರು ಕಿಟಕಿಯ ಕಡೆ ನೋಡುತ್ತಾ ಕೂತರು. "ನನ್ನ ಮಾತು ಕೇಳು ಗಿರಿಜಾ. ನಮ್ಮ ಮನೇಲಿ ಕೂತೋರಲ್ಲಿ ಒಬ್ಬರಿಗಾದ್ರೂ ಆಯ್ತಲ್ಲ ಅಂತ ನಾನು ಹಿಗ್ಗಿಬಿಟ್ಟೆ. ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಇದು ಯಾರಿಗೆ ಬಂತು, ಎಲ್ಲಿಂದ ಬಂತು ಅಂತ ನಿನ್ನ ಕೇಳ್ಬೇಕಾದೋಳು ನಾನು. ಕೇಳ್ಲಿಲ್ಲ." ನನ್ನ ಕಡೆ ತಿರುಗಿ, "ಅದು ಬರ್ತಿತ್ತು, ಹೋಗ್ತಿತ್ತು. ಬಂದು ಹೋಗೋದನ್ನ ಹುಡುಕೋಕೆ ನಾವು ಕೂತಿರ್ಲಿಲ್ಲ ಅಲ್ವಾ? ಮಾತ್ರೆ ತಗೊ" ಅಂದರು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಬಂದು, ನಾನು ಸೀಟು ಹಿಡಿಯುವವರೆಗೂ ಕೆಳಗೆ ನಿಂತಿದ್ದರು.

ಮೊದಲು ಕೊಟ್ಟ ಮಾತ್ರೆ ನನಗೆ ವಿಪರೀತ ಸಿಟ್ಟು ತಂದಿತು. ಹಾಲು ಹಾಕುವವರ ಮೇಲೆ ಕಿರುಚಾಡಿದೆ, ಸ್ಟೀಲ್ ಲೋಟ ಗೋಡೆಗೆ ಎಸೆದೆ. ಇದು ನನ್ನ ಸ್ವಭಾವವೇ ಎಂದುಕೊಂಡು ಸುಮ್ಮನಿದ್ದೆ. ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು, ಮಾತ್ರೆಯಿಂದಲೂ ಹಾಗಾಗಬಹುದು, ಮೊದಲೇ ಫೋನ್ ಮಾಡಬೇಕಿತ್ತು ಎಂದು ಬೈದು ಬದಲಾಯಿಸಿದರು. ಓದುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಮಾತ್ರೆ ಒಗ್ಗದಿದ್ದರೆ ನೀವೇ ಬಿಡಬೇಡಿ, ಹೋಗಿ ಹೇಳಿ. ಹೊಸ ಮಾತ್ರೆಯಲ್ಲಿ ಮೊದಮೊದಲು ನಿದ್ದೆ ಎಳೆಯುತ್ತಿತ್ತು, ಬರಬರುತ್ತಾ ಸರಿಹೋಯಿತು. ಡೇರಿಗೆ ಈಗ ನಡೆದೇ ಹೋಗುತ್ತೇನೆ. ಸ್ಕೂಟಿ ಚೈತ್ರ ಓಡಿಸುತ್ತಾಳೆ. ರತ್ನಮ್ಮ ನನ್ನ ಮೆಷಿನ್ನಿನ ಪಕ್ಕ ಒಂದು ಕುರ್ಚಿ ಹಾಕಿಸಿದ್ದಾರೆ. ಹಿಂದೆ ಸರಿದಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದರು, ಇಬ್ಬರು ಮೂವರು ಇನ್ನೂ ದೂರದಿಂದಲೇ ಪಾತ್ರೆ ನೀಡುತ್ತಾರೆ.

ಅದು ಮತ್ತೆ ಬರಲಿಲ್ಲ. ಬೆಳಿಗ್ಗೆ ಕೂತರೆ ಬರೀ ಮಂಡಿನೋವು, ಹಿಂಡಿಯ ಯೋಚನೆ, ಫ್ಯಾನಿನ ಸದ್ದು. ಯಾರೋ ಹತ್ತಿರದವರು ಹೇಳದೆ ಮನೆ ಬಿಟ್ಟು ಹೋದ ಹಾಗೆ ಎಷ್ಟೋ ತಿಂಗಳು ಅನ್ನಿಸುತ್ತಿತ್ತು. ಅದನ್ನು ದುಃಖ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ಕಾಯಿಲೆ ವಾಸಿಯಾಗುತ್ತಿದೆ ಎಂದು ಮನೆಯವರು ಸಂತೋಷವಾಗಿದ್ದರು. ಶಾಹಿನಾಗೆ ಫೋನ್ ಮಾಡಿ ಹೇಳಿದೆ. "ಅಳ್ಬೇಕು ಅನ್ಸಿದ್ರೆ ಅತ್ಬಿಡಿ ಅಕ್ಕ, ಮಾತ್ರೆ ಮಾತ್ರ ನುಂಗಿ" ಅಂದಳು.

ಕೂರುವುದನ್ನು ನಾನು ಬಿಟ್ಟಿಲ್ಲ. ಈಗ ಕೂತರೆ ಏನಾದರೂ ಆಗಲಿ ಎಂದು ಕಾಯುವುದು ತಪ್ಪಿದೆ. ಚೈತ್ರಳ ಸಂಬಂಧ ತಪ್ಪಿದ ಸಂಕಟ ಬರುತ್ತದೆ. ಇದು ಯಾರಿಗೆ? ನನಗೆ. ಆ ನಾನು ಯಾರು? ಉತ್ತರ ಇನ್ನೂ ಸಿಕ್ಕಿಲ್ಲ. ಆ ಕಡೆ ಚೈತ್ರ "ಅಮ್ಮಾ" ಎಂದು ಕರೆದರೆ ಒಂದೇ ಸಲಕ್ಕೆ ಕೇಳಿಸುತ್ತದೆ, ಏಳುತ್ತೇನೆ.

ಅತ್ತೆಯ ಮಾತು ಮರಳಿದ್ದು ನಿಧಾನಕ್ಕೆ. ಮೊದಲು ಬಂದಿದ್ದು ಸದ್ದು. ಮಾತ್ರೆಯ ಹೊತ್ತಿಗೆ ನೀರಿನ ಲೋಟವನ್ನು ನನ್ನ ಮುಂದೆ ಟಪ್ಪೆಂದು ಕುಕ್ಕಿ ಹೋಗುತ್ತಿದ್ದರು. ಆಮೇಲೆ "ನುಂಗ್ದಾ?" ಎಂಬ ಒಂದು ಮಾತು. ಆದರೆ ಆ ಕಾಯಿಲೆಯ ಹೆಸರನ್ನು ಮಾತ್ರ ಅವರು ಮತ್ತೆ ಬಾಯಲ್ಲಿ ಎತ್ತಿರಲಿಲ್ಲ. ನೆಂಟರು ಬಂದರೆ "ಸ್ವಲ್ಪ ನಿತ್ರಾಣ" ಎಂದು ಹೇಳಿ ಮುಗಿಸುತ್ತಿದ್ದರು.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ಮಾಕಳಿದುರ್ಗದ ಕಡೆಯ ಊರಿನಿಂದ ವಯಸ್ಸಾದ ಹೆಂಗಸೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ನನ್ನ ವಿಷಯ ಅವರಿಗೆ ತಲುಪಿದ್ದು ತಡವಾಗಿ, ಅದೂ ಹಳೆಯ ಸುದ್ದಿ. ಅತ್ತೆ ಜಗುಲಿಯಲ್ಲಿ ಚಾಪೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು, ನಾನು ಬಾಗಿಲ ಒಳಗಿದ್ದೆ.

"ದೇವ್ರು ಬರೋ ಅಮ್ಮನೋರು ಇರೋದು ಇದೇ ಮನೇನಾ?" ಎಂದು ಆಕೆ ಕೇಳಿದರು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಕನಕಾಂಬರವಿತ್ತು.

ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಅತ್ತೆಯ ದನಿ ಕೇಳಿತು.

"ದೇವ್ರಲ್ಲ ಕಣಮ್ಮ. ನಮ್ ಸೊಸೆಗೆ ಫಿಟ್ಸು. ಬೆಂಗ್ಳೂರಲ್ಲಿ ತೋರಿಸ್ತಿದೀವಿ. ಮಾತ್ರೆ ತಗೊತಾಳೆ, ಈಗ ಚೆನ್ನಾಗವ್ಳೆ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬಂದಾಕೆ ಹೂವಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಬೀದಿಯ ಆ ತುದಿ ಈ ತುದಿ ನೋಡಿ, ದನಿ ತಗ್ಗಿಸಿ ಹೇಳಿದರು.

"ನಮ್ ಸೊಸೆಗೂ ಹಂಗೇ ಆಗ್ತದಮ್ಮ. ಕಣ್ಣು ಬಿಟ್ಕೊಂಡೇ ಇರ್ತಾಳೆ, ಕರೆದ್ರೆ ಓ ಅನ್ನಲ್ಲ. ಯಾರಿಗೂ ಹೇಳಿಲ್ಲ. ದೇವ್ರೇನೋ, ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅತ್ತೆ ಅವರೆಕಾಯಿಯ ಪುಟ್ಟಿಯನ್ನು ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಜಾಗ ಮಾಡಿದರು.

"ಕೂತ್ಕೊ ಬಾ. ಇವಳು ಬರೋ ಮಂಗಳವಾರ ಆಸ್ಪತ್ರೆಗೆ ಹೋಗ್ತಾಳೆ. ನಿನ್ ಸೊಸೇನೂ ಕರ್ಕೊಂಡ್ ಬಾ, ಒಂದೇ ಬಸ್ಸಲ್ಲಿ ಹೋಗ್ಲಿ."